ದೇಶವೂ ಎಕುವಾ, ಇವಳೂ ಎಕುವಾ

ಅನೊಮಾಬುವಿನಲ್ಲಿ ಎಕುವಾ ಬೆಂಟ್ಸಿಲ್ ಮನೆಗೆ ದಾರಿ ಕೇಳುವವರು ಹೊರಗಿನವರು. ಊರಿನವರಿಗೆ ಮೂಗೇ ಸಾಕು. ದೋಣಿಗಳ ಕಡೆ ಇಳಿಯುವ ಓಣಿಯಲ್ಲಿ ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ವಾಸನೆ ಎಲ್ಲಿ ಗಟ್ಟಿಯಾಗುತ್ತದೋ ಅಲ್ಲಿ ಎಡಕ್ಕೆ ತಿರುಗಿದರೆ ಅವಳ ಅಂಗಳ. ಐವತ್ತು ವರ್ಷದಿಂದ ಅಲ್ಲಿ ಕೂತು ಕೆಂಕಿ ಕಟ್ಟುತ್ತಿದ್ದಾಳೆ. ಮೂರು ದಿನ ಜೋಳ ನೆನೆಸಬೇಕು, ರುಬ್ಬಬೇಕು, ಎರಡು ದಿನ ಹುಳಿ ಬರಿಸಬೇಕು. ಆಮೇಲೆ ಹಿಟ್ಟಿನಲ್ಲಿ ಅರ್ಧವನ್ನು ಬೇಯಿಸಿ, ಬೇಯದ ಅರ್ಧಕ್ಕೆ ಕಲಸಿ, ಒಣ ಬಾಳೆಲೆಯಲ್ಲಿ ಸುತ್ತಿ ಮತ್ತೊಮ್ಮೆ ಬೇಯಿಸಬೇಕು. ಬೆಂದದ್ದನ್ನೂ ಹಸಿಯಾದದ್ದನ್ನೂ ಕೂಡಿಸಿ ಹದ ತರುವ ವಿದ್ಯೆ ಈ ದೇಶದಲ್ಲಿ ಇಬ್ಬರಿಗೆ ಗೊತ್ತಿರಬೇಕು: ಒಬ್ಬಳು ಎಕುವಾ, ಇನ್ನೊಬ್ಬರು ಸಂಸತ್ತಿನ ಸಭಾಪತಿ. ಸಭಾಪತಿಗಳ ಕೈಗುಣ ಅಷ್ಟಕ್ಕಷ್ಟೆ.

ನೋಡಿ, ನನ್ನ ರೋಗವೇ ಇದು. ಕೆಂಕಿಯಿಂದ ಹೊರಟರೆ ಸಂಸತ್ತಿನಲ್ಲಿ ನಿಲ್ಲುತ್ತೇನೆ. ಹುಡುಗಿಯರ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಸಾಹಿತ್ಯ ಪಾಠ ಮಾಡಿದರೆ ಯಾರಿಗಾದರೂ ಹೀಗಾಗುತ್ತದೆ. ನಮ್ಮ ಖಂಡದ ಇಂಗ್ಲಿಷ್ ಕಾದಂಬರಿಗಳಲ್ಲಿ ಬಸ್ಸು ಬರೀ ಬಸ್ಸಾಗಿ ಓಡುವುದು ಅಪರೂಪ. ಅದರ ಬ್ರೇಕು ಹೋದರೆ ಸಂವಿಧಾನ ಹೋಯಿತೆಂದು ಅರ್ಥ. ಮಾಡು ಸೋರಿದರೆ ಖಜಾನೆ ಸೋರುತ್ತಿದೆ. ಅವಳಿ ಮಕ್ಕಳು ಹುಟ್ಟಿದರೆ ಉತ್ತರಕ್ಕೂ ದಕ್ಷಿಣಕ್ಕೂ ಜಗಳ ಗ್ಯಾರಂಟಿ. ಲಾಗೋಸಿನವರು ಹೀಗೆ ಬರೆದರು, ನೈರೋಬಿಯವರು ಬರೆದರು, ಹರಾರೆಯವರು ಬರೆದರು. ಈಗಿನ ಹುಡುಗ ಹುಡುಗಿಯರಾದರೂ ಮೊಬೈಲು, ವೀಸಾ, ಪ್ರೇಮಭಂಗ ಅಂತ ಬರೆಯುತ್ತಾರಲ್ಲ ಎಂದು ಖುಷಿಯಿಂದ ಓದುತ್ತಾ ಹೋದರೆ, ನೂರನೇ ಪುಟದ ಹೊತ್ತಿಗೆ ಆ ಮೊಬೈಲಿನ ಚಾರ್ಜ್ ನಿಲ್ಲದ ಬ್ಯಾಟರಿಯೂ ದೇಶವೇ. ನನಗೆ ಪಾಠ ಹೇಳಿದ ಐರ್ಲೆಂಡಿನ ಸಿಸ್ಟರ್ ಒಬ್ಬರು ಯಾವ ಕಥೆಯಲ್ಲಾದರೂ ಯೇಸುವನ್ನು ಹುಡುಕಿ ತೆಗೆಯುತ್ತಿದ್ದರು. ನಾನು ಅದೇ ಶ್ರದ್ಧೆಯಿಂದ ದೇಶವನ್ನು ಹುಡುಕಿ ತೆಗೆಯುತ್ತೇನೆ. ಹುಡುಗಿಯರಿಗೆ ಅಂಕ ಬರುತ್ತದೆ.

ಎಕುವಾಳ ಕಥೆ ಶುರುವಾಗುವುದೇ ಇಂಥ ಒಂದು ಪುಸ್ತಕದಿಂದ. 'ಮಣಿ ಮಾರಿದವಳು' ಎಂದು ಅದರ ಹೆಸರು. ಬರೆದವನು ಫಿಫಿ ಅಬಾಕಾ. ಕಾಲೇಜಿನ ರಜೆಯಲ್ಲೊಮ್ಮೆ ಎರಡು ತಿಂಗಳು ಅದೇ ಓಣಿಯಲ್ಲಿ ಕೋಣೆ ಹಿಡಿದು, ದಿನಾ ಎಕುವಾಳ ಕೆಂಕಿಯನ್ನೂ ಕರಿದ ಮೀನನ್ನೂ ತಿಂದು ಹೋದ ಹುಡುಗ. ಈಗ ಕೆನಡಾದಲ್ಲಿ ಪ್ರೊಫೆಸರು. ಕಾದಂಬರಿಯ ನಾಯಕಿ ಕರಾವಳಿಯ ಹೆದ್ದಾರಿಯಲ್ಲಿ ಕೆಂಕಿ ಮಾರುವ ಎಕುವಾ ಎಂಬ ಕುಂಟು ಹೆಂಗಸು. ಅವಳಿಗೆ ಮೂವರು ಗಂಡಂದಿರು, ಮೂವರೂ ಗಂಡಾಂತರ: ಒಬ್ಬ ಬಿಳಿ ಟೊಪ್ಪಿಯವನು, ಒಬ್ಬ ಬೂಟಿನವನು, ಒಬ್ಬ ಮೈಕು ಹಿಡಿದವನು. ತಾಯಿ ಬಿಟ್ಟುಹೋದ ಮಣಿಸರಗಳನ್ನು ಅವಳು ದಾರಿಹೋಕನೊಬ್ಬನಿಗೆ ಮಾರಿ ಒಂದು ಕನ್ನಡಿ ಕೊಳ್ಳುತ್ತಾಳೆ. ಕೊನೆಯ ಪುಟದವರೆಗೂ ಆ ಕನ್ನಡಿ ನೋಡುತ್ತಾ ಕೂತಿರುತ್ತಾಳೆ.

ಪಾತ್ರೆ ಉಜ್ಜಿ ಉಜ್ಜಿ ಕೈ ಸವೆಸಿದ ನಮ್ಮ ಎಕುವಾಳಿಗೆ ತಾನು ಪಾತ್ರವಾಗಿದ್ದೇನೆಂದು ಗೊತ್ತಾದದ್ದು ಪುಸ್ತಕ ಪರೀಕ್ಷೆಗೆ ಪಠ್ಯವಾದ ಮೇಲೆ. ಪಠ್ಯವಾದದ್ದು ಎಲ್ಲರಿಗೂ ಪಥ್ಯವಾಗುವುದಿಲ್ಲ. ಇವಳದೂ ಎಕುವಾ ಎಂಬ ಹೆಸರು, ಕೆಂಕಿ, ಎಡಗಾಲು ಸ್ವಲ್ಪ ಕುಂಟು. ಇವಳ ಬಳಿಯೂ ತಾಯಿಯ ಮಣಿಗಳ ಪೆಟ್ಟಿಗೆ. ಓದಿದ ಮಕ್ಕಳು ಮನೆಗೆ ಹೋಗಿ ಹೇಳಿದರು, ಓದದ ತಾಯಂದಿರು ಇನ್ನೂ ಚೆನ್ನಾಗಿ ಹೇಳಿದರು.

ಒಂದು ಗುರುವಾರ ಕೊನೆಯ ಪಿರಿಯಡ್ ಮುಗಿಸಿ ಬಂದಾಗ ಎಕುವಾ ಸ್ಟಾಫ್ ರೂಮಿನ ಜಗಲಿಯಲ್ಲಿ ಕೂತಿದ್ದಳು. ಎಪ್ಪತ್ತೆರಡು ವರ್ಷದ ಹೆಂಗಸು, ಚರ್ಚಿಗೆ ಹೋಗುವ ಉಡುಗೆ ಉಟ್ಟು ಬಂದಿದ್ದಳು.

"ಟೀಚರ್, ನೀನು ಹುಡುಗೀರಿಗೆ ಆ ಪುಸ್ತಕದ ಹೆಂಗಸು ಹೆಂಗಸೇ ಅಲ್ಲ ಅಂತ ಹೇಳ್ಕೊಡ್ತೀಯಂತೆ. ಹೌದಾ?"

"ಹೌದಮ್ಮ. ಅವಳು ದೇಶದ ಸಂಕೇತ."

"ಪೂರ್ತಿ ದೇಶಾನಾ, ಇಲ್ಲ ನಮ್ಮ ಜಿಲ್ಲೆ ಮಾತ್ರಾನಾ?"

"ಪೂರ್ತಿ."

"ಒಳ್ಳೇದಾಯ್ತು," ಎಂದು ಅವಳು ಸೆರಗು ಸರಿಮಾಡಿಕೊಂಡಳು. "ಹಂಗಂತ ನಮ್ಮ ಕುಲದವರ ಮುಂದೆ ಬಂದು ಹೇಳ್ಬೇಕು ನೀನು."

ವಿಷಯ ಏನೆಂದರೆ, ಅವಳ ಕುಲದ ಹಿರಿಯಮ್ಮ ಅಬಾ ಕ್ವಾನ್ಸಿಮಾ ತೊಂಬತ್ತೊಂದು ತುಂಬಿಸಿ ತೀರಿಕೊಂಡಿದ್ದರು. ನಮ್ಮಲ್ಲಿ ಕುಲ ಬರುವುದು ತಾಯಿಯ ಕಡೆಯಿಂದ; ಹಿರಿಯಮ್ಮನ ಪೀಠ ಖಾಲಿಯಿದ್ದರೆ ಮದುವೆ, ಸಾವು, ಹೆಸರಿಡುವುದು ಯಾವುದೂ ಮುಂದೆ ಸಾಗುವುದಿಲ್ಲ. ಮೂರು ವಾರದಲ್ಲಿ ಹೊಸಬಳನ್ನು ಕೂರಿಸಬೇಕು. ವಯಸ್ಸಿನಲ್ಲಿ ಎಕುವಾಳೇ ಹಿರಿಯಳು. ಆದರೆ ಅವಳ ಚಿಕ್ಕಮ್ಮನ ಮಗಳು ಮಾನ್ಸಾ, ಕೇಪ್ ಕೋಸ್ಟ್ ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವಳು, ಅಡ್ಡ ನಿಂತಿದ್ದಳು. ಅವಳ ವಾದ ಸರಳ: ತಾಯಿಯ ಮಣಿ ಮಾರಿದವಳೆಂದು ಇಡೀ ದೇಶದ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಿರುವಾಗ ಅವಳನ್ನು ಪೀಠದ ಮೇಲೆ ಕೂರಿಸುವುದು ಹೇಗೆ?

"ಪೆಟ್ಟಿಗೆ ನಿಮ್ಮ ಹತ್ರಾನೇ ಇದೆಯಲ್ಲಮ್ಮ," ಎಂದೆ. "ಬೀಗ ತೆಗೆದು ತೋರಿಸಿಬಿಟ್ರೆ ಆಯ್ತು."

"ಮಣಿ ಕುಲದ್ದು, ಹೊಸ ಹಿರಿಯಮ್ಮನ್ನ ಆರಿಸಿದ ದಿನ ಬಿಟ್ಟರೆ ಅದನ್ನ ತೆಗೆದು ಯಾರಿಗೂ ತೋರಿಸೋ ಹಂಗಿಲ್ಲ. ಆ ದಿನ ತೆಗೀತಾರೆ. ಎಲ್ಲರೂ ನೋಡ್ತಾರೆ."

"ಮತ್ತೇನು ಚಿಂತೆ, ಆ ದಿನ ಗೊತ್ತಾಗೇ ಆಗುತ್ತಲ್ಲ."

"ಅದಕ್ಕೆ ಮುಂಚೆ ಗೊತ್ತಾಗ್ಬೇಕು," ಎಂದಳು ಎಕುವಾ. "ಮುಂಚೆ." ಅಷ್ಟು ಹೇಳಿ ಜಗಲಿಯ ಕಂಬದ ಬಣ್ಣ ಸುಲಿದ ಕಡೆ ನೋಡತೊಡಗಿದಳು. ನನ್ನ ಕುತೂಹಲ ಕೆರಳಿದ್ದು ಆಗಲೇ. ಕೇಳಲಿಲ್ಲ. ಸಾಕ್ಷಿ ಹೇಳಲು ಒಪ್ಪಿಕೊಂಡೆ.

ಆಮೇಲೆ ಅವಳು ಪಾಠಕ್ಕೆ ಬರತೊಡಗಿದಳು. ಇಂಗ್ಲಿಷ್ ಓದಲು ಬರುವುದಿಲ್ಲ, ಹಾಗಾಗಿ ನಾನು ಓದಿ ನಮ್ಮ ಫಾಂಟೆ ಭಾಷೆಯಲ್ಲಿ ಹೇಳಬೇಕು. ನನ್ನ ಹುಡುಗಿಯರು 'ಸಂಕೇತ' ಎಂದರೆ ಬರೆದುಕೊಂಡು ಅಡಿಗೆರೆ ಎಳೆಯುತ್ತಾರೆ. ಇವಳು ಎಳೆದದ್ದು ನನ್ನ ಕಾಲು.

"ನಾನು ದೇಶ ಅಂತಾದ್ರೆ ನನ್ನ ಗಿರಾಕಿಗಳು ಯಾರು?"

"ಪ್ರಜೆಗಳು ಅನ್ಕೊಳ್ಳಿ."

"ಪ್ರಜೆಗಳು ದೇಶಾನ ಎಲೆ ಬಿಚ್ಚಿ ತಿಂತಾರಾ?"

"ತಿನ್ನೋರು ತಿಂತಾರೆ."

"ಅದು ಸರಿ," ಎಂದು ಒಪ್ಪಿಕೊಂಡಳು. "ಹಿಟ್ಟು ರುಬ್ಬೋದು ಯಾವ ಪುಟದಲ್ಲಿ ಬರುತ್ತೆ?"

"ರುಬ್ಬೋದು ಎಲ್ಲೂ ಬರಲ್ಲ."

"ಮತ್ತೆ ಕೆಂಕಿ ಎಲ್ಲಿಂದ ಬಂತು ಅವಳಿಗೆ?"

ನಾನು ಪುಟ ತಿರುವಿದೆ. ಮುನ್ನೂರು ಪುಟದಲ್ಲಿ ಕೆಂಕಿ ಬರೀ ಮಾರಾಟವಾಗುತ್ತದೆ, ಯಾರೂ ಮಾಡುವುದಿಲ್ಲ. ಹನ್ನೊಂದು ವರ್ಷ ಆ ಪುಸ್ತಕ ಕಲಿಸಿದ್ದೇನೆ, ಒಂದು ಸಲವೂ ಕಣ್ಣಿಗೆ ಬಿದ್ದಿರಲಿಲ್ಲ.

"ಆ ಹುಡುಗ ದಿನಾ ತಿನ್ನೋಕೆ ಬರ್ತಿದ್ದ, ಬೆಳಿಗ್ಗೆ ಎದ್ದು ನೋಡೋಕೆ ಬರ್ಲಿಲ್ಲ," ಎಂದಳು ಎಕುವಾ, ದೂರಿನ ದನಿಯೇನೂ ಇಲ್ಲದೆ. "ಇನ್ನೊಂದು ಕೇಳ್ತೀನಿ. ದೇಶ ಯಾಕೆ ಯಾವಾಗ್ಲೂ ಹೆಂಗಸು?"

"ತಾಯ್ನಾಡು ಅಂತಾರಲ್ಲ, ಅದಕ್ಕೆ."

"ಆದ್ರೆ ಆಳೋರೆಲ್ಲ ಗಂಡಸರು. ಮಾರಿಕೊಂಡೋರೂ ಅವರೇ. ಹಂಗಾದ್ರೆ ಮಣಿ ಮಾರೋ ಪಾಲು ಅವಳ ತಲೆಗೆ ಯಾಕೆ ಕಟ್ಟಿದ?"

ಈ ಪ್ರಶ್ನೆಗೆ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಕೊಡುತ್ತಾರೆ. ನಾನು ಚಹಾ ಕೊಟ್ಟೆ.

ಸಭೆ ಶನಿವಾರ ಮಧ್ಯಾಹ್ನ ಕುಲದ ಮನೆಯ ಅಂಗಳದಲ್ಲಿ ಸೇರಿತು. ಇಂಥ ಸಭೆಯಲ್ಲಿ ಕುಲದ ಹಿರಿಯನಿಗೆ ಯಾರೂ ನೇರವಾಗಿ ಮಾತಾಡುವ ಹಾಗಿಲ್ಲ. ಪಕ್ಕದಲ್ಲಿ ಕೋಲು ಹಿಡಿದು ಕೂತ ಮಾತಿನವನಿಗೆ ಹೇಳಬೇಕು. ಅವನು ಅದನ್ನು ಇನ್ನಷ್ಟು ಚೆಂದ ಮಾಡಿ ಹಿರಿಯನಿಗೆ ಮುಟ್ಟಿಸುತ್ತಾನೆ. ಹಿರಿಯ ಕೊಜೊ ಅಮಿಸಾ, ಎಲ್ಲರೂ ಗೌರವದಿಂದ 'ನಾನಾ' ಎಂದು ಕರೆಯುವ ಎಂಬತ್ತನಾಲ್ಕು ವರ್ಷದ ಹಳೆಯ ದೋಣಿಗಾರ, ನನ್ನಿಂದ ಎರಡು ಮಾರು ದೂರದಲ್ಲೇ ಇದ್ದ, ಕಿವಿ ಚುರುಕಾಗಿಯೇ ಇತ್ತು. ಆದರೂ ನಾನು ಹೇಳಿದ್ದು ಅವನಿಗೆ ಕೇಳಿಸಿಲ್ಲ ಎಂದು ಎಲ್ಲರೂ ನಂಬಬೇಕು. ಮಾತಿನವನು ಕ್ವಾವ್ ಎಡು, ಅಂಚೆ ಇಲಾಖೆಯಲ್ಲಿ ನಿವೃತ್ತನಾದವನು. ಕಾಗದ ಮುಟ್ಟಿಸಿದವನು ಈಗ ಮಾತು ಮುಟ್ಟಿಸುತ್ತಿದ್ದ, ಇದರಲ್ಲಿ ವಿಳಂಬ ಕಡಿಮೆ.

ಬಾಟಲಿ ತೆರೆದು ನೆಲಕ್ಕೆ ನಾಲ್ಕು ಹನಿ ಬಿಟ್ಟು ಪೂರ್ವಿಕರನ್ನು ಕರೆದದ್ದಾಯಿತು. ನಾನು ಎದ್ದು ನಿಂತು, ರಾತ್ರಿಯೆಲ್ಲ ಸಿದ್ಧಪಡಿಸಿದ್ದ ಭಾಷಣ ಶುರುಮಾಡಿದೆ: ರೂಪಕ, ರಾಷ್ಟ್ರ, ವಸಾಹತು, ಪ್ರಾತಿನಿಧ್ಯ. ಮೂರನೇ ವಾಕ್ಯಕ್ಕೆ ಕ್ವಾವ್ ಕೈ ಎತ್ತಿದ.

"ಟೀಚರ್, ಸಾಕು, ಇಷ್ಟು ಮುಟ್ಟಿಸಿಬಿಡ್ತೀನಿ." ಹಿರಿಯನ ಕಡೆ ತಿರುಗಿ ಕೋಲನ್ನು ಮೇಲೆತ್ತಿದ. ಅದರ ತುದಿಯಲ್ಲಿ ಚಿನ್ನದ ಬಣ್ಣ ಬಳಿದ ಮರದ ಕೆತ್ತನೆ: ಒಂದು ಕೈ, ಅದರಲ್ಲಿ ಒಂದು ಮೊಟ್ಟೆ. "ನಾನಾ, ಈ ಕೋಲು ನಿಮ್ಮಜ್ಜನ ಕಾಲದ್ದು. ಇದು ಯಾರ ಕೈ ಅಂತ ಯಾರಾದ್ರೂ ಯಾವತ್ತಾದ್ರೂ ಕೇಳಿದ್ದಾರಾ? ಯಾರ ಮನೆ ಕೋಳಿ ಮೊಟ್ಟೆ ಅಂತ ಕೇಳಿದ್ದಾರಾ? ಆ ಪುಸ್ತಕದ ಎಕುವಾ ಹಿಂಗೇ ಅಂತೆ. ಕೋಲಿನ ತುದಿ ಹೆಂಗಸು."

ಅಂಗಳದಲ್ಲಿ ಮೂವತ್ತು ತಲೆಗಳು ಒಟ್ಟಿಗೆ ಆಡಿದವು. ನಾನು ಒಂದು ವರ್ಷದಲ್ಲಿ ಕಲಿಸುವುದನ್ನು ಅವನು ಒಂದು ಮೊಟ್ಟೆಯಲ್ಲಿ ಮುಗಿಸಿದ್ದ.

ಮಾನ್ಸಾ ಮಾತ್ರ ಒಪ್ಪಲಿಲ್ಲ. "ಕ್ವಾವ್, ನಾನಾಗೆ ಮುಟ್ಟಿಸು. ಕೋಲಿನ ಕೈಗೆ ಹೆಸರಿಲ್ಲ. ಪುಸ್ತಕದವಳಿಗೆ ಹೆಸರಿದೆ. ದೇಶದ ಬಗ್ಗೆ ಬರೆಯೋನು ಎಕುವಾ ಅಂತ ಯಾಕೆ ಇಟ್ಟ? ಅಮಾ ಇರ್ಲಿಲ್ವಾ? ಎಸಿ ಇರ್ಲಿಲ್ವಾ? ನಮ್ಮ ಅಕ್ಕನ ಹೆಸರೇ ಬೇಕಾಗಿತ್ತಾ ಅವನಿಗೆ?"

ಇದಕ್ಕೆ ನಾನು ಕಾದಿದ್ದೆ. "ನಾನಾ ಅವರನ್ನ ಒಂದು ಕೇಳಬಹುದಾ? ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಯಾವ ವಾರ?"

ಕ್ವಾವ್ ಪ್ರಶ್ನೆ ಮುಟ್ಟಿಸುವ ಮೊದಲೇ ಮುದುಕನ ಮುಖ ಅರಳಿತು. ಅವನು ಕ್ವಾವ್‌ನ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದ.

"ಬುಧವಾರ ಅಂತೆ," ಎಂದ ಕ್ವಾವ್. "ನಾನಾಗೆ ಹೆಂಗೆ ಜ್ಞಾಪಕ ಅಂದ್ರೆ, ಮಂಗಳವಾರ ಸಮುದ್ರಕ್ಕೆ ರಜಾ, ಯಾರೂ ಬಲೆ ಬೀಸೋ ಹಂಗಿಲ್ಲ. ಮಾರನೇ ದಿನ ಸ್ವಾತಂತ್ರ್ಯ ಅಂತ ಆವತ್ತೂ ಯಾರೂ ಹೋಗ್ಲಿಲ್ಲ. ಎರಡು ದಿನ ಊರಲ್ಲಿ ಮೀನೇ ಇರ್ಲಿಲ್ಲ. ನಾನಾ ಖಾಲಿ ಕೆಂಕಿ ತಿಂದು ಬಾವುಟ ನೋಡೋಕೆ ಹೋದ್ರಂತೆ."

"ಬುಧವಾರ ಹುಟ್ಟಿದ ಹೆಣ್ಣುಮಗು," ಎಂದೆ ನಾನು. ಮುಂದೆ ಹೇಳಬೇಕಾಗಲಿಲ್ಲ. ನಮ್ಮಲ್ಲಿ ಮಗು ಹುಟ್ಟಿದ ವಾರವೇ ಅದರ ಮೊದಲ ಹೆಸರು ಇಡುತ್ತದೆ. ಬುಧವಾರದ ಹೆಣ್ಣು ಎಕುವಾ ಅಲ್ಲದೆ ಇನ್ನೇನೂ ಆಗಲಾರದು. ಇಡೀ ಕುಲ ತಾನು ಹನ್ನೊಂದು ವರ್ಷ ಮಾಡಿದ ತಪ್ಪನ್ನು ಒಂದೇ ಉಸಿರಿನಲ್ಲಿ ಕಂಡಿತು. ಬೇರೆ ಊರಿನವರಾಗಿದ್ದರೆ ಹೆಸರು ನೋಡಿ ಯಾರೋ ಒಬ್ಬಳು ಅಂದುಕೊಳ್ಳುತ್ತಿದ್ದರು. ಹೆಸರಲ್ಲಿ ವಾರ ಓದುವ ನಮ್ಮವರೇ ವಾರ ಮರೆತು ನೆರೆಯವಳನ್ನು ಓದಿಕೊಂಡಿದ್ದರು.

"ಮತ್ತೆ ಕುಂಟು?" ಎಂದಳು ಮಾನ್ಸಾ, ದನಿ ಸ್ವಲ್ಪ ಇಳಿದಿತ್ತು.

"ದೇಶ ನೆಟ್ಟಗೆ ನಡೆದದ್ದನ್ನ ನೀನು ಯಾವಾಗ ನೋಡ್ದೆ?" ಎಂದು ಹಿಂದಿನಿಂದ ಯಾರೋ ಹೇಳಿದರು. ನಗು ಎದ್ದಿತು. ಮಾನ್ಸಾಳಿಗೂ ತಡೆಯಲಾಗಲಿಲ್ಲ.

ಹಿರಿಯ ಕ್ವಾವ್‌ಗೆ ಹೇಳಿದ, ಕ್ವಾವ್ ಸಭೆಗೆ ಹೇಳಿದ: ಪುಸ್ತಕದ ಎಕುವಾ ದೇಶ, ನಮ್ಮ ಎಕುವಾ ನಮ್ಮವಳು, ಇವಳ ಮೇಲಿದ್ದ ಮಾತು ಇವತ್ತಿಗೆ ತೊಳೆದುಹೋಯಿತು. ಎಕುವಾ ಏನಾದರೂ ಹೇಳುವುದಿದೆಯೇ?

ಇದು ಬರೀ ವಾಡಿಕೆಯ ಪ್ರಶ್ನೆ. ಎದ್ದು ವಂದಿಸಿ ಕೂತರೆ ಪೀಠ ಅವಳದೇ. ಎಕುವಾ ಎದ್ದಳು, ಆದರೆ ಕೂರಲಿಲ್ಲ.

"ಕ್ವಾವ್, ನಾನಾಗೆ ಮುಟ್ಟಿಸು. ಟೀಚರ್ ಹೇಳಿದ್ದು ನಿಜ. ಆ ಹೆಂಗಸು ನಾನಲ್ಲ. ಅವಳು ಮಣಿ ಮಾರಿ ಕನ್ನಡಿ ತಗೊಂಡ್ಳು. ನಾನು ಮಣಿ ಕೊಟ್ಟು ಜೋಳ ತಗೊಂಡೆ."

ಕ್ವಾವ್ ಕೋಲು ಹಿಡಿದು ಹಾಗೇ ನಿಂತ. ಮೂವತ್ತು ವರ್ಷದ ಅಂಚೆ ಕೆಲಸದಲ್ಲಿ ಮುಟ್ಟಿಸಲಾಗದ ಕಾಗದ ಅವನ ಕೈಗೆ ಬಂದದ್ದು ಅದೇ ಮೊದಲಿರಬೇಕು. ಕೊನೆಗೆ ಹಿರಿಯನೇ ಪದ್ಧತಿ ಮುರಿದು ನೇರ ಕೇಳಿದ: "ಯಾವಾಗ?"

"ಎಂಬತ್ಮೂರರಲ್ಲಿ."

ವರ್ಷ ಹೇಳಿದರೆ ಸಾಕಿತ್ತು. ಆ ವರ್ಷ ಮಳೆಯಿಲ್ಲ, ಕಾಡು ಹೊಲ ಎಲ್ಲ ಹೊತ್ತಿ ಉರಿದವು, ನೈಜೀರಿಯಾದಿಂದ ಓಡಿಸಲ್ಪಟ್ಟ ಹತ್ತು ಲಕ್ಷ ಜನ ಬರಿಗೈಯಲ್ಲಿ ಮನೆಗೆ ಬಂದರು. ಕತ್ತಿನ ಕೆಳಗೆ ಎದ್ದುಕಾಣುವ ಮೂಳೆಗೆ ಜನ 'ಸರ' ಎಂದು ಹೆಸರಿಟ್ಟಿದ್ದರು. ಆ ವರ್ಷ ಸರ ಹಾಕಿಕೊಳ್ಳದ ಹೆಣ್ಣಿರಲಿಲ್ಲ.

"ಅಮ್ಮ ತೀರಿಕೊಂಡು ಎರಡು ವರ್ಷ ಆಗಿತ್ತು," ಎಂದಳು ಎಕುವಾ. "ಏಳು ಸರ ಬಿಟ್ಟಿದ್ದಳು, ದಪ್ಪ ಹಳದಿ ಬೊಡೊಮ್ ಮಣಿದು, ಅವಳಜ್ಜಿ ಕಾಲದ್ದು. ಗಡಿಯಾಚೆ ಲೋಮೆ ಕಡೆಯಿಂದ ಲಾರಿಯಲ್ಲಿ ಬಂದ ಒಬ್ಬ ಎರಡು ಸರಕ್ಕೆ ಎರಡು ಮೂಟೆ ಕೊಡ್ತೀನಿ ಅಂದ. ಕೊಟ್ಟೆ. ಈ ಅಂಗಳದಲ್ಲಿ ಆವತ್ತು ಇಪ್ಪತ್ತಾರು ಜನ ಇದ್ವಿ. ಎಲ್ಲಿಂದ ತಂದೆ ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಕ್ವಾವ್ ಕೇಳಲಿ," ಎಂದಳು ಮಾನ್ಸಾ, ಆದರೆ ಕ್ವಾವ್‌ಗೆ ಕಾಯದೆ ತಾನೇ ಕೇಳಿದಳು. "ಟೀಚರ್‌ನ ಕರ್ಕೊಂಡು ಬಂದು ಇಷ್ಟೆಲ್ಲ ಯಾಕೆ ಮಾಡಿಸ್ದೆ? ನೆಟ್ಟಗೆ ಹೇಳ್ಬಹುದಾಗಿತ್ತು."

"ಮೊದಲೇ ಹೇಳಿದ್ರೆ ಏನಂತಿದ್ರಿ? ಪುಸ್ತಕದಲ್ಲಿ ಇರೋದು ನಿಜ ಅಂತಿದ್ರಿ. ಪೆಟ್ಟಿಗೆ ತೆಗೆದು ಐದೇ ಸರ ಕಂಡಿದ್ರೂ ಅದೇ ಅಂತಿದ್ರಿ. ಆಮೇಲೆ ನಾನು ಜೋಳ ಅಂದ್ರೂ ನಿಮಗೆ ಕನ್ನಡಿನೇ ಕೇಳಿಸ್ತಿತ್ತು. ಮೊದಲು ಅವಳನ್ನ ನನ್ನ ಮೇಲಿಂದ ಇಳಿಸಿ ಆಮೇಲೆ ನನ್ನ ತಪ್ಪು ನೋಡ್ಲಿ ಅಂತ. ನನ್ನ ತಪ್ಪು ನಂದು. ಅದನ್ನ ಅವಳ ಜೊತೆ ಹಂಚ್ಕೊಳ್ಳೋಕೆ ನನಗೆ ಇಷ್ಟ ಇಲ್ಲ."

ನಾನು ನನ್ನ ಟಿಪ್ಪಣಿಯ ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ. 'ದೇಶದ ಸಂಕೇತ' ಎಂದು ನಾನು ಇಷ್ಟು ವರ್ಷ ಮಕ್ಕಳಿಂದ ಬರೆಸಿದ್ದೆ. ದೇಶ ಆ ವರ್ಷ ಏನು ಮಾರಿತೋ ನನಗೆ ಗೊತ್ತು, ಪುಸ್ತಕಗಳಿವೆ. ಇಪ್ಪತ್ತಾರು ಜನಕ್ಕೆ ಯಾರು ಜೋಳ ತಂದರೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಿರಿಯ, ಕ್ವಾವ್ ಮತ್ತು ಇನ್ನಿಬ್ಬರು ಎದ್ದರು. "ಅಜ್ಜಿನ ಕೇಳ್ಕೊಂಡು ಬರ್ತೀವಿ," ಎಂದ ಕ್ವಾವ್. ನಮ್ಮಲ್ಲಿ ತೀರ್ಪಿಗೆ ಮೊದಲು ಹೀಗೆ ಎದ್ದು ಮನೆಯ ಹಿಂದೆ ಹೋಗಿ ಅಜ್ಜಿಯನ್ನು ಕೇಳಿ ಬರುವುದು ಪದ್ಧತಿ. ಹಿಂದೆ ಅಜ್ಜಿ ಇರುವುದಿಲ್ಲ. ಒಂದು ನೀರಿನ ಪೀಪಾಯಿ, ಎರಡು ಆಡು. ಹುಡುಗಿಯಾಗಿದ್ದಾಗ ಇಣುಕಿ ನೋಡಿ ಪೆಟ್ಟು ತಿಂದಿದ್ದೆ.

ಮಾನ್ಸಾ ಕೂತಲ್ಲೇ ಉಡುಗೆಯ ಅಂಚು ಸುರುಳಿ ಸುತ್ತುತ್ತಿದ್ದಳು. "ಎಂಬತ್ಮೂರರಲ್ಲಿ ನನ್ನ ಕೊಬಿನಾಗೆ ನಾಲ್ಕು ತಿಂಗಳು," ಎಂದಳು, ಯಾರಿಗೂ ಅಲ್ಲ. "ಹಾಲು ಬತ್ತಿಹೋಗಿತ್ತು. ಬೇಯದ ಹಿಟ್ಟನ್ನ ನೀರಿಗೆ ಕದಡಿ ಗಂಜಿ ಮಾಡಿ ಅಕ್ಕ ಕುಡಿಸ್ತಿದ್ಲು."

"ನಿನಗೂ ಕುಡಿಸ್ದೆ," ಎಂದಳು ಎಕುವಾ. "ನೀನು ಹುಳಿ ಜಾಸ್ತಿ ಅಂದೆ."

"ಜಾಸ್ತಿನೇ ಇತ್ತು."

ಅಜ್ಜಿ ಬಹಳ ಹೊತ್ತು ಯೋಚಿಸಿದಳೆಂದು ಕಾಣುತ್ತದೆ. ಆ ನಾಲ್ವರು ವಾಪಸ್ ಬಂದಾಗ ಬಿಸಿಲು ಗೋಡೆ ಹತ್ತಿತ್ತು. ಕ್ವಾವ್ ಹೇಳಿದ ತೀರ್ಪು ಹೀಗಿತ್ತು. ಕುಲದ ಆಸ್ತಿಯನ್ನು ಕುಲಕ್ಕೆ ಹೇಳದೆ ಕೈಬಿಟ್ಟದ್ದಕ್ಕೆ ಎಕುವಾ ಒಂದು ಕುರಿ, ಎರಡು ಬಾಟಲಿ ಕೊಡಬೇಕು. ಮಣಿಪೆಟ್ಟಿಗೆ ಇನ್ನು ಅವಳ ಬಳಿ ಇರಬಾರದು, ಅದು ಮಾನ್ಸಾಳ ಕೈಗೆ. ಹಸಿದಾಗ ಯಾರನ್ನೂ ಲೆಕ್ಕದಿಂದ ಬಿಡದವಳು ಹಿರಿಯಮ್ಮನಾಗಬೇಕೆಂದು ಅಜ್ಜಿಯ ಮಾತು. ಆದ್ದರಿಂದ ಪೀಠ ಎಕುವಾಳಿಗೆ.

"ಪೀಠ ಅವಳಿಗೆ, ಬರೀ ಪೆಟ್ಟಿಗೆ ನನಗಾ?" ಎಂದಳು ಮಾನ್ಸಾ.

"ಕುರಿ ನನಗೆ ಬಿತ್ತಲ್ಲ," ಎಂದಳು ಎಕುವಾ. "ನೋಡು, ನಿನಗೇ ಲಾಭ."

ಪೆಟ್ಟಿಗೆ ತರಿಸಿದರು. ತಗಡಿನದು, ಮೂಲೆಗಳು ತುಕ್ಕು ಹಿಡಿದಿದ್ದವು. ಎಕುವಾ ಬೀಗದಕೈ ಬಿಚ್ಚಿ ತಂಗಿಗೆ ಕೊಟ್ಟಳು. ಮಾನ್ಸಾ ಮಂಡಿಯೂರಿ ಒಂದೊಂದೇ ಗಂಟು ಹೊರಗೆ ತೆಗೆದಳು. ಹಳೆಯ ಬಿಳಿ ಬಟ್ಟೆಯಲ್ಲಿ ಕಟ್ಟಿದ ಏಳು ಗಂಟುಗಳು. ಅಂಗಳದಲ್ಲಿ ಗುಸುಗುಸು ಎದ್ದಿತು, ಐದು ಎಂದಿದ್ದಳಲ್ಲ. ಒಂದು ಬಿಚ್ಚಿದಳು, ಹಳದಿ ಮಣಿಸರ. ಎರಡು, ಮೂರು, ನಾಲ್ಕು, ಐದು. ಆರನೆಯದನ್ನು ಬಿಚ್ಚಿದಾಗ ಒಳಗೆ ಮಣಿ ಇರಲಿಲ್ಲ. ಒಂದು ಹಿಡಿ ಮೆಕ್ಕೆಜೋಳ; ನುಸಿ ತಿಂದು ಕಾಳಿಗಿಂತ ಹಿಟ್ಟೇ ಹೆಚ್ಚಾಗಿತ್ತು. ಏಳನೆಯದರಲ್ಲೂ ಅದೇ.

"ಒಂದೊಂದು ಮೂಟೆಯಿಂದ ಒಂದೊಂದು ಹಿಡಿ," ಎಂದಳು ಎಕುವಾ. "ಜಾಗ ಖಾಲಿ ಬಿಡ್ಬಾರ್ದು ಅನ್ನಿಸ್ತು."

ಮಾನ್ಸಾ ಆ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ನಲವತ್ತು ವರ್ಷ ಪೆಟ್ಟಿಗೇಲಿ ನುಸಿ ಸಾಕಿದ್ದೀಯಲ್ಲ ಅಕ್ಕ. ದೊಡ್ಡಮ್ಮನ ಬಟ್ಟೆಗೆ ಹತ್ತಿದ್ರೆ ಏನ್ಮಾಡ್ತಿದ್ದೆ?"

"ಬೇವಿನೆಲೆ ಹಾಕಿದ್ದೀನಿ, ತಳದಲ್ಲಿ ನೋಡು. ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು. ಇನ್ನು ಅದು ನಿನ್ನ ಕೆಲಸ."

ಮಾನ್ಸಾ ಚೆಲ್ಲಿದ ಪುಡಿಯನ್ನು ಅಂಗೈಯಿಂದ ಗುಡಿಸಿ ಬಟ್ಟೆಗೆ ಹಾಕಿದಳು, ಎರಡು ಗಂಟುಗಳನ್ನೂ ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು, ಐದರ ಪಕ್ಕ ಅವನ್ನೂ ಸಾಲಾಗಿ ಇಟ್ಟು ಪೆಟ್ಟಿಗೆ ಮುಚ್ಚಿದಳು.